‘ನಮ್ಮ ಹುಡುಗರಿಗೆ ಇಪಿಎ ಸರ್ಟಿಫಿಕೇಟ್ ಇದೆ’ ಅಂದರೆ ಸಾಕಾ? ನ್ಯೂಯಾರ್ಕ್‌ನಲ್ಲಿ ಆಸ್ಬೆಸ್ಟಾಸ್ ತೆಗೆಸುವ ಮುಂಚೆ

ಪ್ರಶ್ನೆ: ನಾವು ನ್ಯೂಯಾರ್ಕ್ ರಾಜ್ಯದ ಸ್ಕೆನೆಕ್ಟಡಿ ಹತ್ತಿರ 1952ರಲ್ಲಿ ಕಟ್ಟಿದ ಮನೆಯೊಂದನ್ನು ತಗೊಂಡಿದ್ದೇವೆ. ನಾವೇ ವಾಸ ಇದ್ದೇವೆ. ಬೇಸ್‌ಮೆಂಟಿನಲ್ಲಿ ಬಾಯ್ಲರ್‌ನಿಂದ ಹೊರಡುವ ಪೈಪುಗಳ ಮೇಲೆ ಬಿಳಿ ಬಟ್ಟೆ ಸುತ್ತಿದ ಹೊದಿಕೆ ಇದೆ, ಸುಮಾರು 40 ಅಡಿ. ಎರಡು ಮೂಲೆಗಳಲ್ಲಿ ಅದು ಒಡೆದಿದೆ. ನೆಲಕ್ಕೆ 9 ಇಂಚಿನ ಹಳೇ ಟೈಲ್, ಸುಮಾರು 600 ಚದರ ಅಡಿ. ಎರಡರಲ್ಲೂ ಆಸ್ಬೆಸ್ಟಾಸ್ ಇದೆ ಅಂತ ಲ್ಯಾಬ್ ಹೇಳಿದೆ. ಬೇಸ್‌ಮೆಂಟನ್ನು ಮಕ್ಕಳಿಗೆ ಆಟದ ಕೋಣೆ ಮಾಡಬೇಕು ಅಂತ ನಮ್ಮ ಆಸೆ. ಇಬ್ಬರು ಕಾಂಟ್ರಾಕ್ಟರ್‌ಗಳನ್ನು ಕೇಳಿದೆವು. ಒಬ್ಬರದು ಆಸ್ಬೆಸ್ಟಾಸ್ ಕೆಲಸವನ್ನೇ ಮಾಡುವ ಕಂಪನಿ. ಇನ್ನೊಬ್ಬರು ಸಾಮಾನ್ಯ ಮನೆ ರಿಪೇರಿಯವರು, ಅವರು ಕೇಳಿದ್ದು ಮೊದಲಿನವರ ಮೂರನೇ ಒಂದು ಭಾಗ. ‘ನಮ್ಮ ಹುಡುಗರಿಗೆಲ್ಲ 32 ಗಂಟೆಯ ಇಪಿಎ ಸರ್ಟಿಫಿಕೇಟ್ ಇದೆ, ನ್ಯೂಜೆರ್ಸಿಯಲ್ಲಿ ಮಾಡಿದ್ದು, ಅಮೆರಿಕಾದಲ್ಲಿ ಎಲ್ಲಿ ಬೇಕಾದರೂ ನಡೆಯುತ್ತೆ’ ಅನ್ನುತ್ತಾರೆ. ಇದು ನಿಜವಾ? ತುಮಕೂರಿನ ನಮ್ಮ ಮನೆಗೆ ಆಸ್ಬೆಸ್ಟಾಸ್ ಶೀಟೇ ಇತ್ತು, ಅಪ್ಪ ಗರಗಸದಲ್ಲಿ ಕೊಯ್ದು ಹಾಕಿದ್ದರು, ಯಾರಿಗೂ ಏನೂ ಆಗಲಿಲ್ಲ. ಇಲ್ಲಿ ಸುಮ್ನೆ ಹೆದರಿಸುತ್ತಿದ್ದಾರಾ? ನಾನೇ ಮಾಸ್ಕ್ ಹಾಕಿಕೊಂಡು ತೆಗೆದರೆ ತಪ್ಪಾ? ಇನ್ನೊಂದು ವಿಷಯ. ಗ್ರೀನ್ ಕಾರ್ಡ್ ಮೇಲೆ ಈಗಷ್ಟೇ ಬಂದಿರುವ ನನ್ನ ಭಾವಮೈದುನನಿಗೆ ಇದೇ ಆಸ್ಬೆಸ್ಟಾಸ್ ಕೆಲಸದ ಟ್ರೇನಿಂಗ್ ತಗೋ ಅಂತ ಯಾರೋ ಹೇಳಿದ್ದಾರೆ. ಸೇರಬಹುದಾ?

ಉತ್ತರ: ನಿಮ್ಮ ಪತ್ರದಲ್ಲಿ ನಾಲ್ಕು ಪ್ರಶ್ನೆಗಳಿದ್ದರೂ ಚಿಂತೆ ಒಂದೇ. ಕಡಿಮೆ ದುಡ್ಡು ಕೇಳಿದವರು ಸುಳ್ಳು ಹೇಳುತ್ತಿದ್ದಾರಾ, ಅಥವಾ ಜಾಸ್ತಿ ಕೇಳಿದವರು ನಿಮ್ಮ ಭಯವನ್ನು ಬಳಸಿಕೊಳ್ಳುತ್ತಿದ್ದಾರಾ? ಹಳೇ ಕಟ್ಟಡಗಳ ಪರಿಶೀಲನೆಯೇ ನನ್ನ ಕೆಲಸ ಆಗಿರುವುದರಿಂದ ಈ ಪ್ರಶ್ನೆಯನ್ನು ಬಹಳ ಮಂದಿಯಿಂದ ಕೇಳಿದ್ದೇನೆ.

ನೇರ ಉತ್ತರ ಮೊದಲು. ಅವರು ಹೇಳಿದ್ದರಲ್ಲಿ 32 ಗಂಟೆ ಅನ್ನೋದು ನಿಜ. ಉಳಿದದ್ದು ನಿಜ ಅಲ್ಲ. ಆ ಕಾಗದ ಇಟ್ಟುಕೊಂಡು ನಿಮ್ಮ ಮನೆಯ ಪೈಪ್ ಹೊದಿಕೆ ಮುಟ್ಟುವ ಹಕ್ಕು ಅವರಿಗಿಲ್ಲ.

ಯಾಕೆ ಅಂತ ಹೇಳುತ್ತೇನೆ. ಇಪಿಎ, ಅಂದರೆ ಕೇಂದ್ರದ ಪರಿಸರ ಸಂಸ್ಥೆ, ಕೆಲಸಗಾರರಿಗೆ ದೇಶಕ್ಕೆಲ್ಲ ನಡೆಯುವ ಲೈಸೆನ್ಸ್ ಕೊಡುವುದಿಲ್ಲ. 1986ರಲ್ಲಿ ಶಾಲೆಗಳಲ್ಲಿರುವ ಆಸ್ಬೆಸ್ಟಾಸ್ ಬಗ್ಗೆ ಅಮೆರಿಕಾ ಒಂದು ಕಾನೂನು ಮಾಡಿತು, ಅದನ್ನು ಅಹೀರಾ ಅನ್ನುತ್ತಾರೆ. ಅದರ ಅಡಿಯಲ್ಲಿ ಇಪಿಎ ಒಂದು ಮಾದರಿ ಯೋಜನೆ ಬರೆಯಿತು. ಯಾರಿಗೆ ಎಷ್ಟು ಗಂಟೆ ತರಬೇತಿ, ಎಂಥ ಪರೀಕ್ಷೆ, ಎಷ್ಟು ದಿನಕ್ಕೊಮ್ಮೆ ಮತ್ತೆ ಕಲಿಯಬೇಕು ಅನ್ನೋದೆಲ್ಲ ಅದರಲ್ಲಿದೆ. 1990ರ ಇನ್ನೊಂದು ಕಾನೂನು ಇದನ್ನು ಸಾರ್ವಜನಿಕ ಮತ್ತು ವಾಣಿಜ್ಯ ಕಟ್ಟಡಗಳಿಗೂ ಚಾಚಿತು. ಈ ಯೋಜನೆ ಕನಿಷ್ಠ ಮಟ್ಟ ಅಷ್ಟೇ. ಅದಕ್ಕಿಂತ ಕಡಿಮೆ ಇರದ ಹಾಗೆ ನಿಯಮ ಮಾಡಿ, ಕಾರ್ಡ್ ಕೊಟ್ಟು, ತಪ್ಪು ಮಾಡಿದರೆ ಕಿತ್ತುಕೊಳ್ಳುವ ಕೆಲಸ ರಾಜ್ಯಗಳದ್ದು. ಹಾಗಾಗಿ ‘ಇಪಿಎ ಸರ್ಟಿಫಿಕೇಟ್’ ಅಂತ ಜನ ಕರೆಯುವುದು ಬಹುತೇಕ ಒಂದು ಟ್ರೇನಿಂಗ್ ಶಾಲೆ ಕೊಟ್ಟ ‘ಕೋರ್ಸ್ ಮುಗಿಸಿದ್ದಾರೆ’ ಅನ್ನುವ ಕಾಗದ. ಅದರಲ್ಲಿ ಇಪಿಎ ಹೆಸರು ಇರುತ್ತೆ, ಯಾಕಂದರೆ ಆ ಕೋರ್ಸು ಇಪಿಎ ಮಾದರಿಯಂತೆ ನಡೆದಿದೆ ಅಂತ ಹೇಳಬೇಕು. ಜನ ಅದನ್ನೇ ಲೈಸೆನ್ಸ್ ಅಂದುಕೊಳ್ಳುತ್ತಾರೆ.

ನ್ಯೂಯಾರ್ಕ್‌ನಲ್ಲಿ ಇದು ಎರಡು ಹಂತ. ಕೋರ್ಸನ್ನು ಒಪ್ಪುವುದು ರಾಜ್ಯದ ಆರೋಗ್ಯ ಇಲಾಖೆ. ಕೋರ್ಸ್ ಮುಗಿಸಿದವನಿಗೆ ಕಾರ್ಡ್ ಕೊಡುವುದು ರಾಜ್ಯದ ಕಾರ್ಮಿಕ ಇಲಾಖೆ. ಇಂಡಸ್ಟ್ರಿಯಲ್ ಕೋಡ್ ರೂಲ್ 56 ಅಂತ ಒಂದು ನಿಯಮಾವಳಿ ಇದೆ, ಈ ಕಸುಬಿನವರು ಬರೀ ‘ಕೋಡ್ ರೂಲ್ 56’ ಅನ್ನುತ್ತಾರೆ, ಇಲ್ಲಿ ಎಲ್ಲವೂ ಅದರ ಪ್ರಕಾರವೇ ನಡೆಯಬೇಕು. ಕಾರ್ಡ್ ಮೇಲೆ ಫೋಟೋ ಇರುತ್ತೆ. ಯಾವ ಕೆಲಸಕ್ಕೆ, ಯಾವಾಗಿನವರೆಗೆ ಅಂತ ಅಚ್ಚಾಗಿರುತ್ತೆ. ಕೆಲಸದ ಜಾಗದಲ್ಲಿ ಅದು ಆ ಮನುಷ್ಯನ ಬಳಿಯೇ ಇರಬೇಕು, ಆಫೀಸಿನಲ್ಲಿದೆ ಅಂದರೆ ನಡೆಯಲ್ಲ. ನ್ಯೂಜೆರ್ಸಿಯವರದು ಬೇರೆ ಪರ್ಮಿಟ್, ಅವರ ಕಾರ್ಮಿಕ ಇಲಾಖೆ ಕೊಡೋದು. ಅದನ್ನು ತೋರಿಸಿ ಹಡ್ಸನ್ ನದಿ ದಾಟಿ ಬಂದು ಇಲ್ಲಿ ಕೆಲಸ ಮಾಡುವಂತಿಲ್ಲ. ಅಷ್ಟೇಕೆ, ಇದೇ ರಾಜ್ಯದ ಆಲ್ಬನಿಯಲ್ಲಿ ಕಾರ್ಡ್ ಇಟ್ಟುಕೊಂಡು ದುಡಿಯುವವನು ನ್ಯೂಯಾರ್ಕ್ ನಗರಕ್ಕೆ ಹೋದರೆ ಅಲ್ಲಿನ ಪರಿಸರ ಇಲಾಖೆಯ ಇನ್ನೊಂದು ಸರ್ಟಿಫಿಕೇಟೂ ಬೇಕು.

ಇನ್ನು ಜನ ಸಾಮಾನ್ಯವಾಗಿ ಮರೆಯುವ ಸಂಗತಿ. ಕೆಲಸಗಾರನ ಕಾರ್ಡ್ ಬೇರೆ, ಕಂಪನಿಯ ಲೈಸೆನ್ಸ್ ಬೇರೆ. ನಾಲ್ಕು ಜನ ಕಾರ್ಡ್ ಇರುವವರನ್ನು ಒಟ್ಟು ಮಾಡಿಕೊಂಡು ಬಂದ ಮಾತ್ರಕ್ಕೆ ಒಬ್ಬ ರಿಪೇರಿ ಕಾಂಟ್ರಾಕ್ಟರ್ ಆಸ್ಬೆಸ್ಟಾಸ್ ಕಾಂಟ್ರಾಕ್ಟರ್ ಆಗುವುದಿಲ್ಲ. ಕಂಪನಿಗೆ ಕಾರ್ಮಿಕ ಇಲಾಖೆಯ ಆಸ್ಬೆಸ್ಟಾಸ್ ಲೈಸೆನ್ಸ್ ಇರಬೇಕು. ಜಾಗದಲ್ಲಿ ಒಬ್ಬ ಸೂಪರ್‌ವೈಸರ್ ಇರಬೇಕು, ಅವನ ಕೋರ್ಸ್ 32 ಅಲ್ಲ, 40 ಗಂಟೆ. ಇನ್‌ಸ್ಪೆಕ್ಟರ್, ಗಾಳಿ ಮಾದರಿ ತೆಗೆಯುವವರು, ಯೋಜನೆ ಬರೆಯುವವರು, ಕೆಲಸದ ಮೇಲೆ ಕಣ್ಣಿಡುವ ಪ್ರಾಜೆಕ್ಟ್ ಮಾನಿಟರ್, ಇವರಿಗೆಲ್ಲ ಬೇರೆ ಬೇರೆ ಕಾರ್ಡ್.

ಸರಿ, ಆ 32 ಗಂಟೆಯಲ್ಲಿ ಏನಿರುತ್ತೆ? ನಾಲ್ಕು ದಿನ. ಅದರಲ್ಲಿ ಕನಿಷ್ಠ 14 ಗಂಟೆ ಕೈಯಾರೆ ಮಾಡಿ ಕಲಿಯಬೇಕು. ರೆಸ್ಪಿರೇಟರ್ ಹಾಕಿ ಅದು ಮುಖಕ್ಕೆ ಬಿಗಿಯಾಗಿ ಕೂತಿದೆಯಾ ಅಂತ ಪರೀಕ್ಷಿಸುವುದು, ಪ್ಲಾಸ್ಟಿಕ್ ಹೊದಿಸಿ ಜಾಗ ಮುಚ್ಚುವುದು, ಗ್ಲವ್‌ಬ್ಯಾಗ್ ಕಟ್ಟುವುದು, ಹೊರಗೆ ಬರುವಾಗ ಬಟ್ಟೆ ಬಿಚ್ಚಿ ಸ್ನಾನ ಮಾಡಿ ಬರುವ ಕ್ರಮ. ಕೊನೆಗೆ 50 ಪ್ರಶ್ನೆಗಳ ಪರೀಕ್ಷೆ, ಪಾಸಾಗಲು ನೂರಕ್ಕೆ 70 ಬೇಕು. ವರ್ಷಕ್ಕೊಮ್ಮೆ 8 ಗಂಟೆಯ ರಿಫ್ರೆಶರ್. ಅವಧಿ ಮುಗಿದು ಒಂದು ವರ್ಷದೊಳಗೆ ರಿಫ್ರೆಶರ್ ಮಾಡದಿದ್ದರೆ ಕೇಂದ್ರದ ಮಾದರಿ ಪ್ರಕಾರ ಮತ್ತೆ ಮೊದಲಿನಿಂದ 32 ಗಂಟೆ.

ಗ್ಲವ್‌ಬ್ಯಾಗ್ ಅಂದರೆ ಏನು ಅಂತ ಹೇಳಬೇಕು, ಯಾಕಂದರೆ ನಿಮ್ಮ ಪೈಪಿಗೆ ಬಳಸಬಹುದಾದದ್ದು ಅದೇ. ದಪ್ಪ ಪಾರದರ್ಶಕ ಪ್ಲಾಸ್ಟಿಕ್ ಚೀಲ. ಅದರ ಒಳಮುಖಕ್ಕೆ ಎರಡು ಉದ್ದ ಕೈಗವಸು ಅಂಟಿರುತ್ತೆ. ಚೀಲವನ್ನು ಪೈಪಿನ ಸುತ್ತ ಕಟ್ಟಿ, ಮೇಲೆ ಟೇಪ್ ಹಾಕಿ, ಕೈಯನ್ನು ಹೊರಗಿನಿಂದ ಗವಸಿನೊಳಗೆ ತೂರಿಸಿ ಕೆಲಸ ಮಾಡಬೇಕು. ಚಾಕು, ಬ್ರಶ್ಶು ಎಲ್ಲ ಮೊದಲೇ ಒಳಗಿರಬೇಕು. ಸ್ಪ್ರೇಯರ್ ನಳಿಗೆ ಒಂದು ತೂತಿನಿಂದ ಒಳಗೆ ಬರುತ್ತೆ, ಎಚ್‌ಇಪಿಎ ವ್ಯಾಕ್ಯೂಮ್, ಅಂದರೆ ಅತಿ ಸಣ್ಣ ಧೂಳನ್ನೂ ಹಿಡಿದಿಡುವ ಫಿಲ್ಟರ್ ಇರುವ ವ್ಯಾಕ್ಯೂಮ್, ಅದರ ಕೊಳವೆ ಇನ್ನೊಂದರಿಂದ. ಹೊದಿಕೆಯನ್ನು ಪೂರ್ತಿ ನೆನೆಸಿ, ಕೊಯ್ದು, ಚೀಲದ ತಳಕ್ಕೆ ಬೀಳಿಸಿ, ಪೈಪನ್ನು ತಿಕ್ಕಿ ತೊಳೆದು, ಕೊಯ್ದ ತುದಿಗಳಿಗೆ ಸೀಲಂಟ್ ಬಳಿದು, ವ್ಯಾಕ್ಯೂಮಿನಿಂದ ಗಾಳಿ ಎಳೆದು, ಚೀಲದ ಕುತ್ತಿಗೆ ತಿರುಚಿ ಟೇಪ್ ಸುತ್ತಿ, ಆಮೇಲೇ ಬಿಚ್ಚಬೇಕು. ಸರಿಯಾಗಿ ಮಾಡಿದರೆ ಕೋಣೆಗೆ ಏನೂ ಬರುವುದಿಲ್ಲ. ತಪ್ಪಾಗಿ ಮಾಡಿದರೆ ಚೀಲದ ಮೇಲಿನ ಟೇಪ್ ಬಿಟ್ಟುಕೊಂಡು ಒಳಗಿನ ಒದ್ದೆ ಕಸ ನೆಲಕ್ಕೆ ಬೀಳುತ್ತೆ, ಒಣಗುತ್ತೆ, ತುಳಿದವರ ಕಾಲಿನ ಜೊತೆ ಮೇಲಿನ ಮನೆಗೂ ಹೋಗುತ್ತೆ. ಇದನ್ನು ವಿಡಿಯೋ ನೋಡಿ ಕಲಿಯಲು ಆಗಲ್ಲ.

ತುಮಕೂರಿನ ಶೀಟಿನ ವಿಷಯಕ್ಕೆ ಬರೋಣ. ನಿಮ್ಮ ಅನುಮಾನ ನನಗೆ ಅರ್ಥವಾಗುತ್ತೆ. ನಮ್ಮಲ್ಲಿ ಕೊಟ್ಟಿಗೆಗೆ, ಅಡುಗೆಮನೆಗೆ, ಶಾಲೆಗೆ ಇದೇ ಶೀಟ್ ನೋಡಿ ಬೆಳೆದವರು ನಾವು. ಆದರೆ ಆ ಶೀಟೂ ನಿಮ್ಮ ಪೈಪಿನ ಹೊದಿಕೆಯೂ ಒಂದೇ ವಸ್ತು ಅಲ್ಲ. ಶೀಟಿನಲ್ಲಿ ಆಸ್ಬೆಸ್ಟಾಸ್ ನಾರಿನ ಪಾಲು ಸುಮಾರು ಹತ್ತನೇ ಒಂದು ಭಾಗ, ಅದೂ ಸಿಮೆಂಟಿನಲ್ಲಿ ಕಚ್ಚಿಕೊಂಡಿರುತ್ತೆ. ಸುಮ್ಮನಿರುವ ಶೀಟ್ ಅಷ್ಟಾಗಿ ನಾರು ಬಿಡುವುದಿಲ್ಲ. ಗರಗಸ ಹಾಕಿದಾಗ, ಡ್ರಿಲ್ ಮಾಡಿದಾಗ, ಒಡೆದಾಗ ಬಿಡುತ್ತೆ. ಪೈಪ್ ಹೊದಿಕೆ ಹಾಗಲ್ಲ. ಆ ಕಾಲದ ಮನೆಗಳಲ್ಲಿ ಹೆಚ್ಚಾಗಿ ಸಿಗುವುದು ಏರ್‌ಸೆಲ್ ಅನ್ನುವ ಥರದ್ದು, ಬಿಳಿ ಬಟ್ಟೆಯ ಕೆಳಗೆ ಪಾರ್ಸೆಲ್ ಡಬ್ಬದ ರಟ್ಟಿನ ಹಾಗೆ ಅಲೆಅಲೆಯಾದ ಬೂದು ಪದರಗಳು. ಮೂಲೆಗಳಲ್ಲಿ ಗಾರೆಯ ಥರ ಮೆತ್ತಿರುತ್ತಾರೆ. ಕೈಯಲ್ಲಿ ಹಿಸುಕಿದರೆ ಪುಡಿಯಾಗುತ್ತೆ, ಅದೇ ಇದರ ಅಪಾಯ. ನೀವು ಹೇಳಿದ ಒಡೆದ ಮೂಲೆಗಳು ಈಗಲೇ ಬೇಸ್‌ಮೆಂಟಿಗೆ ನಾರು ಬಿಡುತ್ತಿರಬಹುದು.

‘ಯಾರಿಗೂ ಏನೂ ಆಗಲಿಲ್ಲ’ ಅನ್ನೋದಕ್ಕೆ ನಾನು ಎಚ್ಚರಿಕೆಯಿಂದ ಉತ್ತರ ಕೊಡಬೇಕು. ಒಂದೆರಡು ದಿನ ಬಯಲಿನಲ್ಲಿ ಶೀಟ್ ಕೊಯ್ದವರಿಗೆ ಅಪಾಯ ಚಿಕ್ಕದು, ನಿಮ್ಮ ತಂದೆಯ ಬಗ್ಗೆ ಈಗ ಗಾಬರಿ ಆಗುವ ಕಾರಣ ಇಲ್ಲ. ಆದರೆ ಆಸ್ಬೆಸ್ಟಾಸ್ ಕಾಯಿಲೆಗಳು ತೋರಿಸಿಕೊಳ್ಳಲು 20, 30, 40 ವರ್ಷ ತಗೊಳ್ಳುತ್ತವೆ. ಎದೆಗೂಡಿನ ಪೊರೆಗೆ ಬರುವ ಮೆಸೊಥೆಲಿಯೋಮ ಅನ್ನುವ ಕ್ಯಾನ್ಸರ್, ಶ್ವಾಸಕೋಶದ ಕ್ಯಾನ್ಸರ್, ಶ್ವಾಸಕೋಶ ಗಟ್ಟಿಯಾಗುವ ಆಸ್ಬೆಸ್ಟೋಸಿಸ್. ದಿನಾ ಅದೇ ಕೆಲಸ ಮಾಡಿದವರಿಗೆ ಅಪಾಯ ಎಷ್ಟು ಅಂತ ಲೋಕಕ್ಕೆ ಗಟ್ಟಿಯಾಗಿ ಹೇಳಿದ್ದು ಇದೇ ನ್ಯೂಯಾರ್ಕಿನವರು. ಮೌಂಟ್ ಸಿನಾಯ್ ಆಸ್ಪತ್ರೆಯ ಡಾ. ಇರ್ವಿಂಗ್ ಸೆಲಿಕಾಫ್ ಮತ್ತು ಅವರ ಜೊತೆಗಾರರು ನ್ಯೂಯಾರ್ಕ್-ನ್ಯೂಜೆರ್ಸಿ ಭಾಗದ ಇನ್ಸುಲೇಶನ್ ಕೆಲಸಗಾರರ ಲೆಕ್ಕ ಹಿಡಿದು 1964ರಲ್ಲಿ ಪ್ರಕಟಿಸಿದರು. ಆ ಕೆಲಸಗಾರರು ನಿಮ್ಮ ಬೇಸ್‌ಮೆಂಟಿನಲ್ಲಿರುವಂಥ ಪೈಪುಗಳಿಗೇ ಹೊದಿಕೆ ಹಾಕುತ್ತಿದ್ದವರು. ಮುಂದೆ ಅವರ ಬಟ್ಟೆ ಒಗೆದ ಹೆಂಡತಿಯರಿಗೆ, ಮನೆಯ ಮಕ್ಕಳಿಗೆ ಕೂಡ ಕಾಯಿಲೆ ಬಂದದ್ದು ದಾಖಲಾಯಿತು. ಕೆಲಸಗಾರ ಸ್ನಾನ ಮಾಡಿ, ಬಟ್ಟೆ ಬಿಟ್ಟೇ ಹೊರಬರಬೇಕು ಅನ್ನುವ ನಿಯಮಕ್ಕೆ ಇದೇ ಕಾರಣ. ಈ ಕಾರ್ಡು, ಕೋರ್ಸು ಎಲ್ಲ ಹುಟ್ಟಿದ್ದು ಮನೆ ಮಾಲೀಕನಿಗೆ ತೊಂದರೆ ಕೊಡಲು ಅಲ್ಲ. ಮೊದಲು ಉಳಿಸಬೇಕಾದದ್ದು ಕೆಲಸ ಮಾಡುವವನ ಜೀವ.

ಭಾರತದಲ್ಲಿ ಆಮದು ಮಾಡಿದ ನಾರಿನಿಂದ ಶೀಟ್ ಮಾಡುವುದು ಇವತ್ತಿಗೂ ಕಾನೂನುಬದ್ಧ. 1995ರಲ್ಲಿ ನಮ್ಮ ಸುಪ್ರೀಂ ಕೋರ್ಟ್ ಒಂದು ದೊಡ್ಡ ತೀರ್ಪು ಕೊಟ್ಟು, ಆಸ್ಬೆಸ್ಟಾಸ್ ಕಾರ್ಮಿಕರ ಆರೋಗ್ಯ ದಾಖಲೆಯನ್ನು ಕೆಲಸಕ್ಕೆ ಸೇರಿದಂದಿನಿಂದ 40 ವರ್ಷ ಅಥವಾ ನಿವೃತ್ತಿ ಆದಮೇಲೆ 15 ವರ್ಷ, ಯಾವುದು ಆಮೇಲೆ ಬರುತ್ತೋ ಅಲ್ಲಿಯವರೆಗೆ ಇಡಬೇಕು ಅಂತ ಹೇಳಿತು. ಒಳ್ಳೇ ತೀರ್ಪು. ಆದರೆ ಮನೆ ಮೇಲೆ ಹತ್ತಿ ಹಳೇ ಶೀಟ್ ಇಳಿಸುವ ಹುಡುಗನ ಕೈಯಲ್ಲಿ ಇಲ್ಲಿಯ ಥರದ ಕಾರ್ಡ್ ಇರುವುದಿಲ್ಲ. ಆದ್ದರಿಂದ ಊರಿನ ಅನುಭವ ಇಲ್ಲಿಗೆ ಅಳತೆಗೋಲು ಆಗುವುದಿಲ್ಲ, ನೀವು ಅದನ್ನು ಬದಿಗಿಟ್ಟುಬಿಡಿ.

‘ಆಸ್ಬೆಸ್ಟಾಸ್ ಅಮೆರಿಕಾದಲ್ಲಿ ಯಾವತ್ತೋ ಬ್ಯಾನ್ ಆಗಿದೆ’ ಅಂತಲೂ ಬಹಳ ಜನ ನಂಬಿದ್ದಾರೆ. 1989ರಲ್ಲಿ ಇಪಿಎ ಬ್ಯಾನ್ ಮಾಡಿತ್ತು, 1991ರಲ್ಲಿ ಕೋರ್ಟು ಅದರ ಬಹುಭಾಗವನ್ನು ತಳ್ಳಿಹಾಕಿತು. ಬಿಳಿ ಆಸ್ಬೆಸ್ಟಾಸ್ ಅಂದರೆ ಕ್ರಿಸೊಟೈಲ್ ಮೇಲೆ ಮತ್ತೆ ಇಪಿಎ ನಿಷೇಧ ಹೊರಡಿಸಿದ್ದು 2024ರ ಮಾರ್ಚಿನಲ್ಲಿ. ಅದು ಕೂಡ ಹೊಸದಾಗಿ ತರುವ, ಬಳಸುವ ಬಗ್ಗೆ. ಗೋಡೆಯೊಳಗೆ, ಪೈಪಿನ ಮೇಲೆ ಈಗಾಗಲೇ ಇರುವುದು ಅಲ್ಲೇ ಇದೆ. 2018ರ ಜುಲೈನಲ್ಲಿ ಮ್ಯಾನ್‌ಹಾಟನ್ನಿನ ಫ್ಲಾಟೈರನ್ ಭಾಗದಲ್ಲಿ ಸ್ಟೀಮ್ ಪೈಪ್ ಸಿಡಿದಾಗ ಅದರ ಹೊದಿಕೆಯ ಆಸ್ಬೆಸ್ಟಾಸ್ ಬೀದಿಗೆಲ್ಲ ಹರಡಿ 49 ಕಟ್ಟಡ ಖಾಲಿ ಮಾಡಿಸಿದರು.

ಇನ್ನು ಕಾರ್ಡ್ ಇದ್ದ ಮಾತ್ರಕ್ಕೆ ಎಲ್ಲ ಸರಿ ಅಂತಲೂ ನಾನು ಹೇಳಲ್ಲ. ಮ್ಯಾಸಚೂಸೆಟ್ಸ್‌ನ ಮೆಥುಯೆನ್‌ನಲ್ಲಿ ಒಂದು ದೊಡ್ಡ ಟ್ರೇನಿಂಗ್ ಶಾಲೆ ಇತ್ತು. ಪಾಠ ಕೇಳದವರಿಗೇ ವರ್ಷಗಟ್ಟಲೆ ಸರ್ಟಿಫಿಕೇಟ್ ಮಾರಿದ್ದಕ್ಕೆ ಅದರ ಮಾಲಕಿ 2008ರಲ್ಲಿ ಅಪರಾಧಿ ಅಂತ ತೀರ್ಮಾನವಾಯಿತು. ಆ ಕಾಗದ ಕೊಂಡವರು ಬಡ ವಲಸಿಗರು. ಏನೂ ಗೊತ್ತಿಲ್ಲದೆ ಧೂಳಿನಲ್ಲಿ ಇಳಿದರು. ಇನ್ನೊಂದು ಕೇಸ್ ನಿಮ್ಮ ನ್ಯೂಯಾರ್ಕ್ ರಾಜ್ಯದ್ದೇ. ಆಸ್ಬೆಸ್ಟಾಸ್ ಕಂಪನಿ ನಡೆಸುತ್ತಿದ್ದ ತಂದೆ-ಮಗ ಹೊದಿಕೆಯನ್ನು ನೆನೆಸದೆ ಒಣದಾಗಿಯೇ ಕಿತ್ತು ಹಾಕಿಸುತ್ತಿದ್ದರು. ಕೆಲಸ ಮುಗಿದಮೇಲೆ ಗಾಳಿ ಪರೀಕ್ಷೆ ಮಾಡಿ ‘ಶುದ್ಧವಾಗಿದೆ’ ಅಂತ ಬರೆದುಕೊಡುತ್ತಿದ್ದ ‘ಸ್ವತಂತ್ರ’ ಲ್ಯಾಬ್‌ನಲ್ಲಿ ಗುಟ್ಟಾಗಿ ಅವರದೇ ಪಾಲು. 2004ರಲ್ಲಿ ಮಗನಿಗೆ 25 ವರ್ಷ, ತಂದೆಗೆ ಹತ್ತೊಂಬತ್ತೂವರೆ ವರ್ಷ ಜೈಲು ವಿಧಿಸಿದರು. ಶಾಲೆಗಳು, ಮನೆಗಳು, ಆಸ್ಪತ್ರೆಗಳು, ಹೀಗೆ ನೂರಾರು ಕಟ್ಟಡಗಳಲ್ಲಿ ಅವರು ಕೆಲಸ ಮಾಡಿದ್ದರು. ಎಲ್ಲ ಕಡೆ ಕಾಗದಪತ್ರ ನೀಟಾಗಿತ್ತು.

ಈ ಕೇಸ್ ನೋಡಿದಮೇಲೆ ನಾನು ಮನೆಯವರಿಗೆ ಹೇಳುವ ಮಾತು ಇದು. ತೆಗೆಯುವವರೂ, ‘ತೆಗೆದದ್ದು ಸರಿಯಾಗಿದೆ’ ಅನ್ನುವವರೂ ಬೇರೆ ಬೇರೆ ಇರಬೇಕು. ಗಾಳಿ ಪರೀಕ್ಷೆಯವರನ್ನು ನೀವೇ ಹುಡುಕಿ, ನೀವೇ ದುಡ್ಡು ಕೊಡಿ. ಲ್ಯಾಬ್‌ಗೆ ರಾಜ್ಯದ ಆರೋಗ್ಯ ಇಲಾಖೆಯ ಎಲಾಪ್ ಅನುಮತಿ, ಅಂದರೆ ಪರೀಕ್ಷೆ ಮಾಡುವ ಲ್ಯಾಬ್‌ಗಳಿಗೆ ಇಲಾಖೆ ಕೊಡುವ ಮಾನ್ಯತೆ, ಇರಬೇಕು. ಕೆಲಸ ಮುಗಿದಮೇಲೆ ಒಂದು ಸಿಸಿ ಗಾಳಿಯಲ್ಲಿ 0.01 ನಾರಿಗಿಂತ ಕಡಿಮೆ, ಅಥವಾ ಕೆಲಸದ ಮೊದಲು ಅಲ್ಲಿ ಎಷ್ಟಿತ್ತೋ ಅದು ಜಾಸ್ತಿ ಇದ್ದರೆ ಅಷ್ಟು, ಇದು ಇಲ್ಲಿಯ ಅಳತೆ. ಚಿಕ್ಕ ಕೆಲಸಗಳಲ್ಲಿ ಗಾತ್ರ, ವಿಧಾನ ನೋಡಿ ಪರೀಕ್ಷೆಯ ಕಡ್ಡಾಯ ಬದಲಾಗುತ್ತೆ. ಕಡ್ಡಾಯ ಇಲ್ಲದಿದ್ದರೂ ಮಾಡಿಸಿ. ಮಕ್ಕಳು ನೆಲದ ಮೇಲೆ ಉರುಳಾಡುವ ಕೋಣೆ ಅದು, ಅಲ್ವಾ?

ಈಗ ನಿಮ್ಮ ಮುಂದಿರುವ ದಾರಿಗಳು.

ಕೋಡ್ ರೂಲ್ 56 ಕೆಲಸವನ್ನು ಗಾತ್ರದ ಮೇಲೆ ವಿಂಗಡಿಸುತ್ತೆ. 10 ಚದರ ಅಡಿ ಅಥವಾ 25 ಅಡಿ ಉದ್ದದವರೆಗೆ ತೀರಾ ಚಿಕ್ಕದು. ಅದಕ್ಕಿಂತ ಜಾಸ್ತಿ, ಆದರೆ 160 ಚದರ ಅಡಿ ಅಥವಾ 260 ಅಡಿ ಉದ್ದಕ್ಕಿಂತ ಕಡಿಮೆ ಇದ್ದರೆ ಚಿಕ್ಕದು. 160 ಅಥವಾ 260 ಮುಟ್ಟಿದರೆ ದೊಡ್ಡದು. ನಿಮ್ಮ 40 ಅಡಿ ಪೈಪ್ ಚಿಕ್ಕ ಕೆಲಸ. 600 ಚದರ ಅಡಿ ಟೈಲ್ ದೊಡ್ಡ ಕೆಲಸ. ದೊಡ್ಡದಕ್ಕೆ ಕಾರ್ಮಿಕ ಇಲಾಖೆಗೆ 10 ದಿನ ಮೊದಲೇ ಫೀಸ್ ಕಟ್ಟಿ ತಿಳಿಸಬೇಕು, ತಯಾರಿ ಜಾಸ್ತಿ, ಖರ್ಚೂ ಜಾಸ್ತಿ. ಲೈಸೆನ್ಸ್ ಇರುವ ಕಂಪನಿಯ ಬೆಲೆ ನಿಮಗೆ ಅಷ್ಟು ದೊಡ್ಡದಾಗಿ ಕಂಡಿದ್ದಕ್ಕೆ ಮುಖ್ಯ ಕಾರಣ ಟೈಲೇ ಅಂತ ನನ್ನ ಅನಿಸಿಕೆ. ಬೆಲೆಯನ್ನು ಎರಡು ಭಾಗ ಮಾಡಿ ಕೊಡಿ ಅಂತ ಕೇಳಿ, ಪೈಪಿಗೆ ಎಷ್ಟು, ನೆಲಕ್ಕೆ ಎಷ್ಟು. ಇದೊಂದು ಪ್ರಶ್ನೆಯಿಂದಲೇ ನಿಮ್ಮ ಲೆಕ್ಕ ಬದಲಾಗಬಹುದು.

ಯಾಕಂದರೆ ಇರುವ ಆಸ್ಬೆಸ್ಟಾಸನ್ನೆಲ್ಲ ಕಿತ್ತು ಹಾಕಲೇಬೇಕು ಅನ್ನೋದೂ ಒಂದು ತಪ್ಪು ತಿಳಿವಳಿಕೆ. ಟೈಲ್ ಬಿರುಕಿಲ್ಲದೆ ಗಟ್ಟಿಯಾಗಿ ಅಂಟಿಕೊಂಡಿದ್ದರೆ ಅದನ್ನು ಮುಟ್ಟಬೇಡಿ. ಅದರ ಮೇಲೆ ತೇಲುವ ನೆಲ ಹಾಸಬಹುದು, ಅಂಟು ಮೊಳೆ ಬೇಡದ ಥರದ್ದು. ಉಜ್ಜಬೇಡಿ, ಸ್ಯಾಂಡಿಂಗ್ ಮಾಡಬೇಡಿ. ಒಂದೇ ತೊಡಕು, ಕೋಣೆ ಮಾಡುವಾಗ ಗೋಡೆಯ ಚೌಕಟ್ಟನ್ನು ನೆಲಕ್ಕೆ ಬಿಗಿಯಲು ಕಾಂಕ್ರೀಟಿಗೆ ಮೊಳೆ ಹೊಡೆಯುತ್ತಾರೆ, ಆಗ ಟೈಲ್ ಒಡೆಯುತ್ತೆ. ಆ ಗೆರೆ ಎಲ್ಲಿ ಬರುತ್ತೆ ಅಂತ ಮೊದಲೇ ಗುರುತು ಮಾಡಿ, ಅಷ್ಟನ್ನು ಮಾತ್ರ ಲೈಸೆನ್ಸ್ ಇರುವವರಿಂದ ತೆಗೆಸಬಹುದು. ಟೈಲ್ ಕೆಳಗಿನ ಕಪ್ಪು ಅಂಟಿನಲ್ಲೂ ಆಸ್ಬೆಸ್ಟಾಸ್ ಇರುವುದುಂಟು, ಅದನ್ನು ಬೇರೆಯಾಗಿ ಪರೀಕ್ಷೆ ಮಾಡಿಸಿದ್ದಾರಾ ನೋಡಿ. ನ್ಯೂಯಾರ್ಕಿನಲ್ಲಿ ಟೈಲ್, ಅಂಟು ಇಂಥವು ಸಾಮಾನ್ಯ ಮೈಕ್ರೋಸ್ಕೋಪಿನಲ್ಲಿ ‘ಇಲ್ಲ’ ಅಂತ ಬಂದರೆ ಅಲ್ಲಿಗೆ ಮುಗಿಯಲ್ಲ, ಎಲೆಕ್ಟ್ರಾನ್ ಮೈಕ್ರೋಸ್ಕೋಪಿನಲ್ಲೂ ನೋಡಬೇಕು. ನಾರು ಅಷ್ಟು ಸಣ್ಣದಿರುತ್ತೆ. ಟೈಲನ್ನು ಹಾಗೇ ಬಿಟ್ಟರೆ ಮುಂದೆ ಬರುವ ಪ್ಲಂಬರ್‌ಗೆ, ಎಲೆಕ್ಟ್ರಿಷಿಯನ್‌ಗೆ ಹೇಳುವ ಜವಾಬ್ದಾರಿ ನಿಮ್ಮದು. ಮನೆ ಮಾರುವಾಗ ರಾಜ್ಯದ ಮನೆ ಸ್ಥಿತಿಯ ಫಾರಂನಲ್ಲಿ ಆಸ್ಬೆಸ್ಟಾಸ್ ಬಗ್ಗೆ ಕೇಳುತ್ತಾರೆ. 2024ರ ಮಾರ್ಚಿನವರೆಗೆ 500 ಡಾಲರ್ ಬಿಟ್ಟುಕೊಟ್ಟು ಆ ಫಾರಂ ತುಂಬದೆ ತಪ್ಪಿಸಿಕೊಳ್ಳಬಹುದಿತ್ತು, ಈಗ ಆಗಲ್ಲ.

ಪೈಪಿನ ವಿಷಯದಲ್ಲಿ ನನ್ನ ಸಲಹೆ, ತೆಗೆಸಿಬಿಡಿ. ಬರೀ ಒಡೆದ ಮೂಲೆಗಳಿಗೆ ಬಟ್ಟೆ ಸುತ್ತಿ ಸೀಲ್ ಮಾಡಿಸಲೂಬಹುದು, ಅಗ್ಗ. ಆದರೆ ಅದೂ ಆಸ್ಬೆಸ್ಟಾಸ್ ಕೆಲಸವೇ, ಲೈಸೆನ್ಸ್ ಇರುವವರೇ ಮಾಡಬೇಕು. ಆಮೇಲೆ ಮಕ್ಕಳ ಚೆಂಡು ಎಷ್ಟು ಸಲ ಪೈಪಿಗೆ ಬಡಿಯುತ್ತೋ ಯಾರು ಲೆಕ್ಕ ಇಡುತ್ತಾರೆ? ಯಾರೂ ಹೋಗದ ಬಾಯ್ಲರ್ ಕೋಣೆ ಆಗಿದ್ದರೆ ನಾನೇ ಸೀಲ್ ಮಾಡಿಸಿ ಅನ್ನುತ್ತಿದ್ದೆ.

ನೀವೇ ಮಾಡಬಹುದಾ? ಕಾನೂನು ನಿಮ್ಮನ್ನು ತಡೆಯುವುದಿಲ್ಲ. ತಾನೇ ವಾಸವಿರುವ ಒಂಟಿ ಕುಟುಂಬದ ಮನೆಯಲ್ಲಿ ಮಾಲೀಕ ಸ್ವತಃ ಕೈಯಾರೆ ಮಾಡುವ ಕೆಲಸಕ್ಕೆ ಈ ರಾಜ್ಯದಲ್ಲಿ ಲೈಸೆನ್ಸ್, ಕಾರ್ಡ್ ಬೇಡ. ಈ ವಿನಾಯಿತಿ ನಿಮ್ಮ ಕೈಗೆ ಮಾತ್ರ. ದುಡ್ಡು ಕೊಟ್ಟು ಒಬ್ಬನನ್ನು ಕರೆದ ಕ್ಷಣ ಅದು ಹೋಯಿತು, ಆ ಕಾಂಟ್ರಾಕ್ಟರ್ ‘ಮನೆ ಅಲ್ವಾ, ರೂಲ್ ಅನ್ವಯಿಸಲ್ಲ’ ಅಂದರೆ ನಂಬಬೇಡಿ. ಕಾನೂನು ಬಿಟ್ಟರೂ ಪೈಪ್ ಹೊದಿಕೆಯನ್ನು ನೀವು ಮುಟ್ಟಬಾರದು ಅನ್ನೋದು ನನ್ನ ಅಭಿಪ್ರಾಯ, ಮೆದುವಾಗಿ ಹೇಳುವ ವಿಷಯ ಅಲ್ಲ ಇದು. ಅಂಗಡಿಯಲ್ಲಿ ಸಿಗುವ ಎನ್95 ಥರದ ಬಟ್ಟೆ ಮಾಸ್ಕನ್ನು ಆಸ್ಬೆಸ್ಟಾಸ್ ಕೆಲಸಕ್ಕೆ ಕೊಡಕೂಡದು ಅಂತ ಕೇಂದ್ರದ ಕಾರ್ಮಿಕ ಸುರಕ್ಷತಾ ಸಂಸ್ಥೆ ಓಶಾ ನೇರವಾಗಿ ಬರೆದಿದೆ. ರಬ್ಬರಿನ ರೆಸ್ಪಿರೇಟರ್, ಅದಕ್ಕೆ ಪಿ100 ಫಿಲ್ಟರ್ ಬೇಕು, ಗಡ್ಡ ಇದ್ದರೆ ಅದೂ ಕೂರುವುದಿಲ್ಲ. ನಿಮ್ಮನ್ನು ನೀವು ಹೇಗೋ ಕಾಪಾಡಿಕೊಂಡರೂ ಬಿದ್ದ ಪುಡಿಯನ್ನು ಮನೆಯ ವ್ಯಾಕ್ಯೂಮ್ ಕ್ಲೀನರ್‌ನಲ್ಲಿ ಎಳೆದರೆ ಮುಗಿಯಿತು, ಅದರ ಹಿಂಬದಿಯಿಂದ ನಾರು ಇಡೀ ಮನೆಗೆ ಹೋಗುತ್ತೆ. ಕಸವನ್ನು ಮುನಿಸಿಪಾಲಿಟಿ ಡಬ್ಬಕ್ಕೂ ಹಾಕುವಂತಿಲ್ಲ.

ಅಗ್ಗದ ಕಾಂಟ್ರಾಕ್ಟರ್ ಅನ್ನೋ ದಾರಿಯನ್ನು ಬಿಟ್ಟೇಬಿಡಿ. ಅವರು ಕಡಿಮೆ ಹೇಳಿದ್ದು ಕೈಚಳಕದಿಂದಲ್ಲ. ಪ್ಲಾಸ್ಟಿಕ್ ಕೋಣೆ, ಗಾಳಿ ಎಳೆಯುವ ಯಂತ್ರ, ಸ್ನಾನದ ವ್ಯವಸ್ಥೆ, ಸೂಪರ್‌ವೈಸರ್, ಕಸದ ಸಾಗಣೆ, ಇದರಲ್ಲಿ ಯಾವುದೋ ಒಂದನ್ನು ಬಿಡದೆ ಮೂರನೇ ಒಂದು ಭಾಗಕ್ಕೆ ಬರುವುದು ಸಾಧ್ಯವಿಲ್ಲ. ಬೇಸ್‌ಮೆಂಟು ಕೆಟ್ಟುಹೋದರೆ ಅದನ್ನು ಶುದ್ಧ ಮಾಡಿಸುವ ಖರ್ಚು ನಿಮ್ಮ ತಲೆಗೇ ಬರುತ್ತೆ. ಅದಕ್ಕಿಂತ ಮುಖ್ಯ, ಆ ಹುಡುಗರ ಶ್ವಾಸಕೋಶ.

ಲೈಸೆನ್ಸ್ ಇರುವ ಕಂಪನಿಯವರ ಹತ್ತಿರ ಕೂಡ ಇಷ್ಟನ್ನು ಕೇಳಿ. ಕಂಪನಿಯ ಲೈಸೆನ್ಸ್ ನಂಬರ್, ಅದನ್ನು ಕಾರ್ಮಿಕ ಇಲಾಖೆಯ ಪಟ್ಟಿಯಲ್ಲಿ ನೀವೇ ತಾಳೆ ನೋಡಿ. ಕೆಲಸದ ದಿನ ಬಂದ ಪ್ರತಿಯೊಬ್ಬರ ಕಾರ್ಡು, ತಾರೀಖು. ಕೇಳಿದರೆ ಯಾರೂ ಬೇಸರ ಮಾಡಿಕೊಳ್ಳಲ್ಲ, ಸರಿಯಾಗಿ ಕೆಲಸ ಮಾಡುವವರು ಜೇಬಿನಿಂದ ತೆಗೆದು ತೋರಿಸುತ್ತಾರೆ. ಯಾರು ಯಾವಾಗ ಒಳಗೆ ಹೋದರು, ಬಂದರು ಅಂತ ಬರೆಯುವ ಲಾಗ್ ಬುಕ್ ಇರಬೇಕು. ಕಸ ಯಾವ ಲ್ಯಾಂಡ್‌ಫಿಲ್‌ಗೆ ಹೋಯಿತು ಅನ್ನುವ ಚೀಟಿಯ ಪ್ರತಿ ಬೇಕು ಅಂತ ಒಪ್ಪಂದದಲ್ಲೇ ಬರೆಸಿ. ಹೊರಗಿನಿಂದ ನೋಡುವಾಗ ಒಂದು ಗುರುತು ಹೇಳುತ್ತೇನೆ. ತೆಗೆದ ವಸ್ತು ಒದ್ದೆಯಾಗಿರಬೇಕು. ಚೀಲದೊಳಗೆ ನೀರಿನ ಹನಿ ಕಾಣಬೇಕು. ಒಣಗಿದ ಕಸ ಚೀಲಕ್ಕೆ ಹೋಗುತ್ತಿದ್ದರೆ ಕೆಲಸ ನಿಲ್ಲಿಸಿ ಕಾರ್ಮಿಕ ಇಲಾಖೆಯ ಆಸ್ಬೆಸ್ಟಾಸ್ ಕಂಟ್ರೋಲ್ ಬ್ಯೂರೋಗೆ ಫೋನ್ ಮಾಡಿ.

ಕೊನೆಗೆ ನಿಮ್ಮ ಭಾವಮೈದುನನ ವಿಷಯ. ಸೇರಬಹುದು. ಗೌರವದ ಕೆಲಸ, ನಾನು ಬೇಡ ಅನ್ನಲ್ಲ. ಇಲ್ಲಿ ಪೋಲೆಂಡಿನಿಂದ, ಲ್ಯಾಟಿನ್ ಅಮೆರಿಕದಿಂದ ಬಂದ ಎಷ್ಟೋ ಕುಟುಂಬಗಳು ಇದರ ಮೇಲೆ ನೆಲೆ ನಿಂತಿವೆ. 18 ತುಂಬಿರಬೇಕು, ಕೆಲಸ ಮಾಡುವ ಅನುಮತಿ ಇರಬೇಕು. ಗ್ರೀನ್ ಕಾರ್ಡ್ ಇದೆ ಅಂದಿರಿ, ಸರಿ. ಶಾಲೆ ಸೇರುವ ಮುಂಚೆ ಅದು ನ್ಯೂಯಾರ್ಕ್ ಆರೋಗ್ಯ ಇಲಾಖೆಯ ಒಪ್ಪಿಗೆ ಪಡೆದದ್ದಾ ಅಂತ ನೋಡಿ. ‘ಎರಡು ದಿನದಲ್ಲಿ ಮುಗಿಸಿಕೊಡ್ತೀವಿ’ ಅಂದವರ ಬಾಗಿಲು ಹತ್ತಬೇಡಿ. ಅಲ್ಲಿ ಉಳಿಯುವ ಎರಡು ದಿನ ಅವನ ಜೀವ ಉಳಿಸುವ ಪಾಠದ್ದು.

ಕೆಲಸ ಕೊಡುವ ಕಂಪನಿ ಕೊಡಲೇಬೇಕಾದದ್ದು ಅವನಿಗೆ ಮೊದಲೇ ಗೊತ್ತಿರಲಿ. ರೆಸ್ಪಿರೇಟರ್ ಮತ್ತು ಅದರ ಫಿಟ್ ಟೆಸ್ಟ್ ಕಂಪನಿಯ ಖರ್ಚು. 8 ಗಂಟೆಯ ಸರಾಸರಿಯಲ್ಲಿ ಒಂದು ಸಿಸಿ ಗಾಳಿಗೆ 0.1 ನಾರು, ಓಶಾದ ಮಿತಿ ಅದು. ಪೈಪ್ ಹೊದಿಕೆ ತೆಗೆಯುವಂಥ ಕೆಲಸ ವರ್ಷಕ್ಕೆ 30 ದಿನ ಅಥವಾ ಜಾಸ್ತಿ ಮಾಡಿದರೆ ವೈದ್ಯಕೀಯ ತಪಾಸಣೆ ಕಂಪನಿಯೇ ಮಾಡಿಸಬೇಕು, ಆ ದಾಖಲೆಯನ್ನು ಅವನು ಕೆಲಸ ಬಿಟ್ಟ ಮೇಲೂ 30 ವರ್ಷ ಇಡಬೇಕು. ಸಿಗರೇಟ್ ಸೇದುತ್ತಿದ್ದರೆ ಇದಕ್ಕೆ ಸೇರುವ ಮೊದಲು ಬಿಡಲಿ. ಆಸ್ಬೆಸ್ಟಾಸ್ ಮತ್ತು ಸಿಗರೇಟ್ ಸೇರಿದರೆ ಶ್ವಾಸಕೋಶದ ಕ್ಯಾನ್ಸರಿನ ಅಪಾಯ ಬರೀ ಕೂಡುವುದಿಲ್ಲ, ಹಲವು ಪಟ್ಟು ಏರುತ್ತೆ. ವಾರದ ಕೊನೆಗೆ ಕೈಗೆ ನಗದು ಕೊಟ್ಟು, ಕಾರ್ಡ್ ಕೇಳದೆ, ‘ಇವತ್ತೊಂದು ದಿನ ಶವರ್ ಇಲ್ಲ, ಹಾಗೇ ಮನೆಗೆ ಹೋಗು’ ಅನ್ನುವ ಮೇಸ್ತ್ರಿ ಸಿಕ್ಕರೆ ಅವತ್ತೇ ಕೆಲಸ ಬಿಡಲಿ.

ಮತ್ತೆ ಮೊದಲ ದಿನದಿಂದಲೇ ಅವನದೇ ಒಂದು ಫೈಲ್ ಇರಲಿ. ಕೋರ್ಸ್ ಮುಗಿಸಿದ ಕಾಗದ, ಪ್ರತಿ ವರ್ಷದ ಕಾರ್ಡಿನ ಪ್ರತಿ, ಫಿಟ್ ಟೆಸ್ಟ್, ಎಕ್ಸ್‌ರೇ ರಿಪೋರ್ಟ್, ಯಾವ ಕಂಪನಿಗೆ ಯಾವ ಕಟ್ಟಡದಲ್ಲಿ ಯಾವಾಗ ದುಡಿದ ಅನ್ನುವ ಪಟ್ಟಿ. ಈ ಕಸುಬಿನಲ್ಲಿ ಕಂಪನಿಗಳು ಹತ್ತು ಹದಿನೈದು ವರ್ಷಕ್ಕೆ ಬಾಗಿಲು ಹಾಕಿಕೊಳ್ಳುತ್ತವೆ, ಹೆಸರು ಬದಲಿಸುತ್ತವೆ. 30 ವರ್ಷ ಆದಮೇಲೆ ಒಬ್ಬ ಡಾಕ್ಟರೋ ವಕೀಲರೋ ಕೇಳಿದಾಗ ತೋರಿಸಲು ಅವನ ಹತ್ತಿರ ಇರುವುದು ಆ ಫೈಲ್ ಒಂದೇ.